ಉತ್ತಮಾಂಗದ ತೀರ್ಪು: ‘ಹಯವದನ’ದ ಪ್ರಶ್ನೆ ಮತ್ತು ಯಂತ್ರದೊಡನೆ ಬೆರೆಯುವ ಮನಸ್ಸು

1

ಮನುಷ್ಯನ ಮನಸ್ಸು ಕೃತಕ ಬುದ್ಧಿಮತ್ತೆಯೊಡನೆ ಬೆರೆತು ಒಂದಾಗಲಿದೆ ಎಂಬ ಮಾತು ವಿಜ್ಞಾನದ ಬರಹಗಳಲ್ಲಿ ಹುಟ್ಟಿ, ಇಂದು ವಾಣಿಜ್ಯದ ಘೋಷಣೆಗಳನ್ನೂ ತತ್ತ್ವಶಾಸ್ತ್ರದ ವಾಗ್ವಾದಗಳನ್ನೂ ತಲುಪಿದೆ. ಈ ಮಾತನ್ನು ಕನ್ನಡಕ್ಕೆ ತರಹೊರಟರೆ ಮೊದಲು ಕೈಗೆ ಸಿಗುವ ಪದಗಳು ಮೂರು: ಸಹಜೀವನ, ವಿಲೀನ, ಐಕ್ಯ. ಇವು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದಾದ ಪದಗಳಲ್ಲ. ಪ್ರತಿಯೊಂದೂ ಬೇರೆ ಬೇರೆ ಸಂಬಂಧವನ್ನು, ಬೇರೆ ಬೇರೆ ನಷ್ಟವನ್ನು ಸೂಚಿಸುತ್ತದೆ. ವಿಮರ್ಶೆಯ ಕೆಲಸ ಇಲ್ಲಿಂದಲೇ ಆರಂಭವಾಗಬೇಕಾಗಿದೆ. ಯಂತ್ರವು ಏನನ್ನು ಮಾಡಬಲ್ಲದೆಂಬುದನ್ನು ತಂತ್ರಜ್ಞರು ಹೇಳಬಲ್ಲರು. ಎರಡು ಜೀವಗಳೋ ಎರಡು ಶಕ್ತಿಗಳೋ ಒಂದಾಗುವುದೆಂದರೇನು ಎಂಬುದನ್ನು ಮಾತ್ರ ಸಾಹಿತ್ಯವು ಬಹುಕಾಲದಿಂದ ವಿಚಾರಿಸಿಕೊಂಡು ಬಂದಿದೆ. ಗಿರೀಶ ಕಾರ್ನಾಡರ ‘ಹಯವದನ’ (1971) ಅಂಥ ವಿಚಾರಣೆಗಳಲ್ಲಿ ಒಂದು. ಈ ನಾಟಕವು ಎತ್ತುವ ಪ್ರಶ್ನೆಯನ್ನು ಇಂದಿನ ಪ್ರಯೋಗಶಾಲೆಗಳ ಫಲಿತಗಳ ಎದುರಿಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

2

ಮೊದಲು ಪದಗಳನ್ನು ಪರಿಶೀಲಿಸೋಣ. ಅಮೆರಿಕದ ಜೆ. ಸಿ. ಆರ್. ಲಿಕ್ಲೈಡರ್ 1960ರಲ್ಲಿ ಮನುಷ್ಯ ಮತ್ತು ಗಣಕಗಳ ಸಹಜೀವನವನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಅದರ ಆರಂಭದಲ್ಲಿ ಬರುವುದು ಅಂಜೂರದ ಮರ ಮತ್ತು ಅದರ ಹೂವಿಗೆ ಪರಾಗಸ್ಪರ್ಶ ಮಾಡಿಸುವ ಕೀಟದ ನಿದರ್ಶನ. ಮರವಿಲ್ಲದೆ ಕೀಟವಿಲ್ಲ, ಕೀಟವಿಲ್ಲದೆ ಮರದ ಸಂತತಿಯಿಲ್ಲ. ಆದರೂ ಮರ ಮರವಾಗಿಯೇ, ಕೀಟ ಕೀಟವಾಗಿಯೇ ಉಳಿಯುತ್ತವೆ. ಲಿಕ್ಲೈಡರ್ ಅವರ ಯೋಜನೆಯಲ್ಲಿ ಗುರಿಯನ್ನು ಗೊತ್ತುಪಡಿಸುವುದು, ಪ್ರಶ್ನೆಯನ್ನು ರೂಪಿಸುವುದು, ಫಲಿತವನ್ನು ಅಳೆಯುವುದು ಮನುಷ್ಯನ ಪಾಲು. ಪದ್ಧತಿಗೆ ಒಗ್ಗುವ ದುಡಿಮೆ ಯಂತ್ರದ ಪಾಲು. ಇಲ್ಲಿ ಬೆರೆಯುವಿಕೆಯಿಲ್ಲ, ಒಪ್ಪಂದವಿದೆ. ಅದೇ 1960ರಲ್ಲಿ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್ ಅವರು ಅಂತರಿಕ್ಷಯಾನವನ್ನು ಗಮನದಲ್ಲಿಟ್ಟುಕೊಂಡು ‘ಸೈಬೋರ್ಗ್’ ಎಂಬ ಪದವನ್ನು ಸೃಷ್ಟಿಸಿದರು. ಅಲ್ಲಿ ಯಂತ್ರವು ಹೊರಗಿನ ಸಂಗಾತಿಯಲ್ಲ, ಶರೀರದೊಳಗಿನ ಅಂಗ. ಹೀಗೆ ಸಹಜೀವನದ ಕಲ್ಪನೆ ಮತ್ತು ಸಂಕರದ ಕಲ್ಪನೆ ಎರಡೂ ಒಂದೇ ವರ್ಷದಲ್ಲಿ ಮೈದಾಳಿದವು. ಮುಂದಿನ ದಶಕಗಳಲ್ಲಿ ಎರಡನೆಯದು ಮೊದಲನೆಯದನ್ನು ಹಿಂದಕ್ಕೆ ತಳ್ಳಿತು.

‘ವಿಲೀನ’ ಎಂಬುದು ಆಡಳಿತದ ಮತ್ತು ಹಣಕಾಸಿನ ಪದ. ಸ್ವಾತಂತ್ರ್ಯೋತ್ತರ ಕಾಲದಲ್ಲಿ ಸಂಸ್ಥಾನಗಳು ವಿಲೀನಗೊಂಡವು. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡು ಸಂದರ್ಭಗಳಲ್ಲಿಯೂ ವಿಭಕ್ತಿಯನ್ನು ಗಮನಿಸಬೇಕು: ಚಿಕ್ಕದು ದೊಡ್ಡದ‘ರಲ್ಲಿ’ ವಿಲೀನವಾಗುತ್ತದೆ. ಕೊನೆಗೆ ಉಳಿಯುವ ಹೆಸರು ಒಂದೇ. ಮನಸ್ಸು ಮತ್ತು ಯಂತ್ರಗಳ ವಿಲೀನವನ್ನು ಕುರಿತು ಮಾತನಾಡುವವರು ಯಾವುದು ಯಾವುದರಲ್ಲಿ ಎಂಬ ಸಪ್ತಮಿಯ ಪ್ರಶ್ನೆಯನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

‘ಐಕ್ಯ’ವಂತೂ ಈ ಚರ್ಚೆಗೆ ಒಗ್ಗುವ ಪದವೇ ಅಲ್ಲವೆಂದು ನಮ್ಮ ಅಭಿಪ್ರಾಯ. ಷಟ್‌ಸ್ಥಲದ ಕೊನೆಯ ಸ್ಥಲವಾದ ಐಕ್ಯದಲ್ಲಿ ‘ನಾನು’ ಎಂಬುದು ಕರಗಬೇಕು. ಆದರೆ ಯಂತ್ರದೊಡನೆ ಒಂದಾಗಲು ಬಯಸುವವರ ಆಶಯ ಇದಕ್ಕೆ ನೇರ ವಿರುದ್ಧವಾದದ್ದು. ರೇ ಕುರ್ಜ್‌ವೈಲ್ ಅವರು 2005ರ ತಮ್ಮ ಗ್ರಂಥದಲ್ಲಿ 2045ರ ಸುಮಾರಿಗೆ ಮನುಷ್ಯಬುದ್ಧಿ ಮತ್ತು ಯಂತ್ರಬುದ್ಧಿಗಳ ನಡುವಣ ಗಡಿ ಅಳಿಯುವ ಸಂಧಿಕಾಲವನ್ನು ಮುನ್ನುಡಿದರು. 2024ರಲ್ಲಿ ಪ್ರಕಟವಾದ ಅದರ ಮುಂದಿನ ಭಾಗದಲ್ಲಿಯೂ ಆ ಲೆಕ್ಕವನ್ನು ಬಿಟ್ಟುಕೊಟ್ಟಿಲ್ಲ. ಅವರ ಬಯಕೆ ‘ನಾನು’ ಕರಗಬೇಕೆಂಬುದಲ್ಲ, ‘ನಾನು’ ಅಳಿಯದೆ ಉಳಿಯಬೇಕೆಂಬುದು. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷ–ಅಲ್ಲಮರ ಪ್ರಸಂಗವನ್ನು ಇಲ್ಲಿ ನೆನೆಯುವುದು ಉಚಿತ. ಗೋರಕ್ಷನ ಸಿದ್ಧದೇಹಕ್ಕೆ ಕತ್ತಿಯಿಂದ ಹೊಡೆದರೆ ಅದು ಖಣಿಲೆಂದು ಸದ್ದು ಮಾಡುತ್ತದೆ. ಅಲ್ಲಮನ ದೇಹದಲ್ಲಿ ಕತ್ತಿ ಬಯಲಿನಲ್ಲಿ ಸುಳಿದಂತೆ ಸುಳಿದುಹೋಗುತ್ತದೆ. ಇಂದಿನ ಸಂಧಿಕಾಲವಾದಿಗಳು ಬಯಸುತ್ತಿರುವುದು ಗೋರಕ್ಷನ ವಜ್ರಕಾಯವನ್ನು. ಅದಕ್ಕೆ ಅಲ್ಲಮನ ಪರಿಭಾಷೆಯನ್ನು ತೊಡಿಸುವುದು ಪದದ ದುರುಪಯೋಗವಾದೀತು.

3

ಮೂರು ಪದಗಳಲ್ಲಿ ಯಾವುದೂ ಪೂರ್ತಿಯಾಗಿ ಒದಗುವುದಿಲ್ಲವೆಂದಾದ ಮೇಲೆ ನಾವು ಕಥೆಯ ಕಡೆಗೆ ತಿರುಗಬೇಕಾಗುತ್ತದೆ. ತಲೆಗಳು ಅದಲುಬದಲಾದ ಕಥೆಯ ಪರಂಪರೆ ದೀರ್ಘವಾದದ್ದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕವಿ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನು ಈ ಕಥೆಯನ್ನು ಹೇಳಿ, ಆ ಹೆಣ್ಣಿಗೆ ಗಂಡನು ಯಾರು ಎಂದು ಅರಸನನ್ನು ಕೇಳುತ್ತಾನೆ. ಗಂಡನ ತಲೆ ಯಾರ ಮೇಲಿದೆಯೋ ಅವನೇ ಗಂಡ, ಏಕೆಂದರೆ ಅಂಗಗಳಲ್ಲಿ ತಲೆಯೇ ಮುಖ್ಯ ಎಂಬುದು ಅರಸನ ಉತ್ತರ. ಸಂಸ್ಕೃತದಲ್ಲಿ ತಲೆಗೆ ‘ಉತ್ತಮಾಂಗ’ ಎಂಬ ಹೆಸರೇ ಇದೆ. ತೀರ್ಪು ಪದದಲ್ಲಿಯೇ ಅಡಗಿ ಕುಳಿತಿದೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಪ್ರಕಟಿಸಿದ ಕಿರುಕಾದಂಬರಿ ಈ ತೀರ್ಪಿನ ಮುಂದೆ ಏನಾಯಿತೆಂದು ಕೇಳಿತು. ಕಾರ್ನಾಡರು ಮನ್ ಅವರ ಕೃತಿಯಿಂದ ಪ್ರೇರಣೆ ಪಡೆದು, ಪ್ರಶ್ನೆಯನ್ನು ಕನ್ನಡದ ರಂಗಭೂಮಿಗೆ ತಂದು, ಅದಕ್ಕೆ ಕುದುರೆಮೋರೆಯ ಹಯವದನನ ಇನ್ನೊಂದು ಕಥೆಯನ್ನು ಹೆಣೆದರು.

ನಾಟಕದಲ್ಲಿ ದೇವದತ್ತನು ಬುದ್ಧಿವಂತ, ಕವಿ. ಕಪಿಲನು ದೇಹದಾರ್ಢ್ಯವುಳ್ಳ ಕಮ್ಮಾರರ ಮಗ. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಂಡು ಸತ್ತಾಗ ಪದ್ಮಿನಿ ತಲೆಗಳನ್ನು ಅದಲುಬದಲಾಗಿ ಜೋಡಿಸುತ್ತಾಳೆ. ಋಷಿಯ ತೀರ್ಪು ಬೇತಾಳಕಥೆಯ ತೀರ್ಪೇ: ತಲೆ ಯಾರದೋ ಅವನೇ ಗಂಡ. ಪದ್ಮಿನಿಗೆ ಏಕಕಾಲದಲ್ಲಿ ದೇವದತ್ತನ ಬುದ್ಧಿಯೂ ಕಪಿಲನ ಮೈಕಟ್ಟೂ ದೊರೆಯುತ್ತವೆ. ಎರಡರ ಉತ್ತಮಾಂಶಗಳು ಒಬ್ಬನಲ್ಲಿ ಕೂಡಿದ ಈ ಕ್ಷಣವೇ ಇಂದಿನ ಯಂತ್ರಸಂಯೋಗದ ಆಶ್ವಾಸನೆ. ಮನುಷ್ಯನ ವಿವೇಕವೂ ಇರಲಿ, ಯಂತ್ರದ ವೇಗವೂ ಬರಲಿ. ಎರಡರಲ್ಲಿ ಯಾವುದನ್ನೂ ಕಳೆದುಕೊಳ್ಳದೆ ಎರಡನ್ನೂ ಪಡೆಯೋಣ. ಪದ್ಮಿನಿಯ ಬಯಕೆಯೂ ಇಷ್ಟೇ ಆಗಿತ್ತು.

ನಾಟಕದ ಒಳನೋಟವಿರುವುದು ಆ ಕ್ಷಣದ ಅನಂತರ ನಡೆಯುವುದರಲ್ಲಿ. ದಿನ ಕಳೆದಂತೆ ದೇವದತ್ತನ ತಲೆ ಕಪಿಲನ ದೇಹವನ್ನು ತನ್ನ ಹಳೆಯ ಅಭ್ಯಾಸಕ್ಕೆ ಎಳೆಯುತ್ತದೆ, ಮೈ ಮೃದುವಾಗುತ್ತದೆ. ಕಾಡಿಗೆ ಹೋದ ಕಪಿಲನು ತನಗೆ ದೊರೆತ ಮೆತ್ತನೆಯ ದೇಹವನ್ನು ದುಡಿಸಿ ಗಟ್ಟಿಮಾಡುತ್ತಾನೆ. ಹೊರನೋಟಕ್ಕೆ ಉತ್ತಮಾಂಗವೇ ಗೆದ್ದಿದೆ. ಆದರೆ ಕಪಿಲನಿಗೆ ತಾನು ಅನುಭವಿಸದ ಸ್ಪರ್ಶಗಳ ನೆನಪು ಆ ದೇಹದಿಂದ ಬರುತ್ತದೆ. ತಲೆಗೆ ಗುರುತಿಲ್ಲದ, ಹೆಸರಿಲ್ಲದ ನೆನಪುಗಳು ಅವು. ದೇಹವನ್ನು ತಲೆ ತಿದ್ದಬಲ್ಲುದು. ದೇಹದ ನೆನಪನ್ನು ಅಳಿಸಲಾರದು. ಇದರಿಂದ ಎರಡು ಮಾತುಗಳು ಹೊರಡುತ್ತವೆ. ಒಂದು, ಕೂಡಿಸಿದ ಎರಡು ಭಾಗಗಳು ಸಮತೂಕದಲ್ಲಿ ನಿಲ್ಲುವುದಿಲ್ಲ. ಯಾವುದರ ಅಭ್ಯಾಸಬಲ ಹೆಚ್ಚೋ ಅದು ಇನ್ನೊಂದನ್ನು ದಿನದಿನವೂ ತನ್ನಂತೆ ತಿದ್ದುತ್ತದೆ. ಎರಡು, ಸೋತ ಭಾಗವೂ ಇಲ್ಲವಾಗುವುದಿಲ್ಲ. ಅದು ನೋವಾಗಿ ಉಳಿಯುತ್ತದೆ.

ಹಯವದನನ ಕಥೆ ಇದಕ್ಕೆ ವ್ಯಂಗ್ಯದ ಕನ್ನಡಿ ಹಿಡಿಯುತ್ತದೆ. ಪೂರ್ಣನಾಗಬೇಕೆಂದು ಬೇಡಿದವನಿಗೆ ಕಾಳಿ ಪೂರ್ಣತೆಯನ್ನು ಕೊಡುತ್ತಾಳೆ. ಆದರೆ ಪೂರ್ಣ ಮನುಷ್ಯನನ್ನಾಗಿ ಅಲ್ಲ, ಪೂರ್ಣ ಕುದುರೆಯನ್ನಾಗಿ. ಆಗಲೂ ಅವನಲ್ಲಿ ಒಂದು ಕೊರತೆ ಉಳಿಯುತ್ತದೆ, ಅದೆಂದರೆ ಮನುಷ್ಯಧ್ವನಿ. ಅದನ್ನು ಕಳೆದುಕೊಂಡಾಗಲೇ ಅವನ ಪೂರ್ಣತೆ ಸಿದ್ಧಿಸುತ್ತದೆ. ವರವು ದೊರೆಯುತ್ತದೆ, ಯಾವ ದಿಕ್ಕಿನಲ್ಲಿ ಎಂಬುದನ್ನು ಬೇಡಿದವನು ನಿರ್ಣಯಿಸಲಾರ.

4

ನಾಟಕವೊಂದರ ರೂಪಕವನ್ನು ವಿಜ್ಞಾನದ ಮೇಲೆ ಹೇರುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಆದ್ದರಿಂದ ಮಿದುಳು ಮತ್ತು ಗಣಕಗಳನ್ನು ಜೋಡಿಸುವ ಪ್ರಯತ್ನಗಳಲ್ಲಿ ವಾಸ್ತವವಾಗಿ ಏನು ನಡೆದಿದೆ ಎಂಬುದನ್ನು ನೋಡಬೇಕು.

2023ರ ಆಗಸ್ಟ್ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಪ್ರಕಟವಾದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವು ಏ.ಎಲ್.ಎಸ್. ಎಂಬ ನರರೋಗದಿಂದ ಮಾತು ಕಳೆದುಕೊಂಡ ಒಬ್ಬ ಮಹಿಳೆಯ ಮಿದುಳಿನ ಸಂಕೇತಗಳನ್ನು ನಿಮಿಷಕ್ಕೆ 62 ಪದಗಳ ವೇಗದಲ್ಲಿ ಬರಹಕ್ಕಿಳಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು ಪಾರ್ಶ್ವವಾಯುವಿನಿಂದ ಮೂಕರಾದ ಇನ್ನೊಬ್ಬ ಮಹಿಳೆಯಲ್ಲಿ 78 ಪದಗಳ ವೇಗವನ್ನು ಸಾಧಿಸಿತು. ಆಕೆಯ ಮದುವೆಯ ಸಂದರ್ಭದ ಧ್ವನಿಮುದ್ರಣದಿಂದ ಆಕೆಯದೇ ಕಂಠವನ್ನು ಹೋಲುವ ಕೃತಕ ಧ್ವನಿಯನ್ನು ರೂಪಿಸಿತು. 2024ರಲ್ಲಿ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು 1,25,000 ಪದಗಳ ಕೋಶದೊಡನೆ 97 ಪ್ರತಿಶತದಷ್ಟು ನಿಖರತೆಯನ್ನು ವರದಿ ಮಾಡಿತು. ಹಯವದನನು ಕಳೆದುಕೊಳ್ಳಬಯಸಿದ ಮನುಷ್ಯಧ್ವನಿಯನ್ನು ಇವರು ಮರಳಿ ಪಡೆಯಲು ಹೆಣಗುತ್ತಿದ್ದಾರೆ. ಈ ಸಾಧನೆಯ ಮಾನವೀಯ ಬೆಲೆಯನ್ನು ಯಾವ ತಾತ್ವಿಕ ಸಂಶಯವೂ ಕಡಿಮೆ ಮಾಡಲಾರದು.

ಆದರೆ ಈ ಯಂತ್ರಗಳು ಓದುವುದೇನನ್ನು? ಜನಸಾಮಾನ್ಯರ ಕಲ್ಪನೆಯಂತೆ ‘ಆಲೋಚನೆ’ಯನ್ನಲ್ಲ. ನಾಲಗೆ, ತುಟಿ, ದವಡೆ, ಗಂಟಲುಗಳನ್ನು ಚಲಿಸಲು ಮಿದುಳಿನ ಭಾಗವೊಂದು ಕೊಡುವ ಅಪ್ಪಣೆಯನ್ನು ಅವು ಹಿಡಿಯುತ್ತವೆ. ಅಂಗಗಳು ಅಪ್ಪಣೆಯನ್ನು ಪಾಲಿಸದೆ ವರ್ಷಗಳು ಕಳೆದಿದ್ದರೂ ಅಪ್ಪಣೆ ಅಳಿದಿಲ್ಲ. ಮಾತನಾಡುವ ಪ್ರಯತ್ನದಿಂದ ಧ್ವನಿಮಾಗಳು, ಧ್ವನಿಮಾಗಳಿಂದ ಪದಗಳು ಮೂಡುತ್ತವೆ. 2025ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಮನಸ್ಸಿನೊಳಗೆ ಆಡಿಕೊಳ್ಳುವ ಮಾತನ್ನೂ ಒಂದು ಮಟ್ಟಿಗೆ ಗ್ರಹಿಸಬಹುದೆಂದು ತೋರಿಸಿತು. ಅಲ್ಲಿಯೂ ಒಳಮಾತಿನ ಸಂಕೇತಗಳು ಆಡಲೆತ್ನಿಸಿದ ಮಾತಿನ ಸಂಕೇತಗಳನ್ನೇ ಹೋಲುವ, ಆದರೆ ಅದಕ್ಕಿಂತ ಮಂದವಾದ ರೂಪದಲ್ಲಿದ್ದವು. ಅಂದರೆ ಯಂತ್ರಕ್ಕೆ ದಾರಿ ತೆರೆದದ್ದು ಉತ್ತಮಾಂಗದ ಶುದ್ಧ ಚಿಂತನೆಯಲ್ಲ, ಬಾಯಿ ಎಂಬ ಅಂಗದ ಅಳಿಯದ ನೆನಪು. ಕಪಿಲನನ್ನು ಕಾಡಿದ ದೇಹಸ್ಮೃತಿಯೇ ಇಲ್ಲಿ ಉಪಕಾರಿಯಾಗಿ ಬಂದಿದೆ.

ದೇಹವು ಪ್ರತಿಭಟಿಸಿದ ನಿದರ್ಶನವೂ ಇದೆ. 2016ರಲ್ಲಿ ಆರಂಭವಾದ ನ್ಯೂರಾಲಿಂಕ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಇಲಾನ್ ಮಸ್ಕ್, ಕೃತಕ ಬುದ್ಧಿಮತ್ತೆಯೊಡನೆ ಮನುಷ್ಯನ ಸಹಜೀವನವನ್ನೇ ದೂರದ ಗುರಿಯೆಂದು ಸಾರಿದವರು. 2024ರ ಜನವರಿಯಲ್ಲಿ ಆ ಸಂಸ್ಥೆಯ 1,024 ಎಲೆಕ್ಟ್ರೋಡುಗಳ ಸಾಧನವನ್ನು ಮೊದಲ ಬಾರಿಗೆ ಮನುಷ್ಯನೊಬ್ಬನ ಮಿದುಳಿನಲ್ಲಿ ಇರಿಸಲಾಯಿತು. ಆತನು ಮನಸ್ಸಿನ ಸಂಕಲ್ಪದಿಂದ ಗಣಕದ ತೆರೆಯ ಮೇಲಿನ ಸೂಚಕವನ್ನು ನಡೆಸಿದನು. ಆದರೆ ಮುಂದಿನ ವಾರಗಳಲ್ಲಿ ಕೂದಲಿಗಿಂತ ಸಣ್ಣನೆಯ ತಂತುಗಳಲ್ಲಿ ಹಲವು ಮಿದುಳಿನಿಂದ ಹಿಂದಕ್ಕೆ ಸರಿದವೆಂದು ಸಂಸ್ಥೆಯೇ ತಿಳಿಸಿತು. ಗಣನೆಯ ಕ್ರಮವನ್ನು ಬದಲಿಸಿ ಕೊರತೆಯನ್ನು ತುಂಬಬೇಕಾಯಿತು. ಮಿದುಳು ಕೂಡ ಮಾಂಸವೇ. ಬೇತಾಳಕಥೆಯ ಅರಸನಿಗೆ ತಲೆಯೂ ದೇಹದ ಒಂದು ಭಾಗವೆಂಬುದು ಮರೆತುಹೋಗಿತ್ತು.

5

ಈ ಪ್ರಯೋಗಗಳಲ್ಲಿ ಭಾಷೆಯ ಅಧ್ಯಯನ ಮಾಡುವವರ ಲಕ್ಷ್ಯವನ್ನು ಸೆಳೆಯಬೇಕಾದ ಇನ್ನೊಂದು ಅಂಶವಿದೆ. ಮಿದುಳಿನಿಂದ ಬರುವ ಸಂಕೇತ ಅಸ್ಪಷ್ಟವಾದದ್ದು. ಅದರಿಂದ ಹಲವು ವಾಕ್ಯಗಳನ್ನು ಊಹಿಸಬಹುದು. ಅವುಗಳಲ್ಲಿ ಯಾವುದು ಸಂಭವನೀಯ ಎಂಬುದನ್ನು ಅಪಾರವಾದ ಬರಹವನ್ನು ಓದಿ ರೂಪುಗೊಂಡ ಭಾಷಾಮಾದರಿಯೊಂದು ನಿರ್ಣಯಿಸುತ್ತದೆ. ಹೊರಬರುವ ವಾಕ್ಯವು ಆಡುವವರ ಇಚ್ಛೆ ಮತ್ತು ಭಾಷೆಯ ಸರಾಸರಿ ರೂಢಿ ಇವೆರಡರ ನಡುವಿನ ಒಡಂಬಡಿಕೆ. ಬೆರೆಯುವಿಕೆ ಎಂಬುದು ನಿಜವಾಗಿ ನಡೆದಿರುವುದು ಇಲ್ಲಿ.

ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ 1998ರಲ್ಲಿ ಮಂಡಿಸಿದ ‘ವಿಸ್ತೃತ ಮನಸ್ಸಿ’ನ ವಾದವನ್ನು ಇದಕ್ಕೆ ಸಮಾಧಾನವಾಗಿ ಮುಂದಿಡಬಹುದು. ಮರೆವಿನ ರೋಗಿಯೊಬ್ಬನು ಸದಾ ಜೊತೆಗಿಟ್ಟುಕೊಳ್ಳುವ ಟಿಪ್ಪಣಿ ಪುಸ್ತಕವು ಅವನ ಮನಸ್ಸಿನ ಭಾಗವೇ ಎಂದು ಅವರು ವಾದಿಸಿದರು. ಹಾಗಾದರೆ ಲೇಖನಿ, ನಿಘಂಟು, ಭಾಷಾಮಾದರಿ ಎಲ್ಲವೂ ಮನಸ್ಸಿನ ವಿಸ್ತಾರಗಳೇ ಅಲ್ಲವೆ? ವಾದ ಬಲವಾದದ್ದು. ಆದರೆ ಅದೇ ಲೇಖಕರು ಸೂಚಿಸಿದ ಲಕ್ಷಣಗಳಲ್ಲಿ ಒಂದನ್ನು ಮರೆಯಬಾರದು: ಪುಸ್ತಕದಲ್ಲಿರುವ ಮಾಹಿತಿಯನ್ನು ಆ ವ್ಯಕ್ತಿ ಹಿಂದೊಮ್ಮೆ ಅರಿತು ಒಪ್ಪಿರುತ್ತಾನೆ, ಒಪ್ಪಿದ್ದರಿಂದಲೇ ಬರೆದಿಟ್ಟಿರುತ್ತಾನೆ. ಭಾಷಾಮಾದರಿ ಮುಂದಿಡುವ ಪದ ಆಡುವವನು ಹಿಂದೆ ಒಪ್ಪಿದ ಪದವಲ್ಲ. ಅಪರಿಚಿತರಾದ ಕೋಟ್ಯಂತರ ಜನರ ಬರಹದಿಂದ ಬಂದ ಪದ. ಒಪ್ಪಿಗೆ ಮುಂಚಿತವಾಗಿ ಇಲ್ಲ. ಅನಂತರವಾದರೂ ಕೇಳಲಾಗುತ್ತದೆಯೆ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕನ್ನಡಕ್ಕೆ ತಂದಾಗ ಅದರ ತೂಕ ತಿಳಿಯುತ್ತದೆ. ಮೇಲೆ ಹೇಳಿದ ಪ್ರಯೋಗಗಳು ಇಂಗ್ಲಿಷಿನಲ್ಲಿ ನಡೆದವು. 1,25,000 ಪದಗಳ ಪಟ್ಟಿ ಇಂಗ್ಲಿಷಿಗೆ ಸಾಕು. ಪ್ರತ್ಯಯಗಳು ಬೆಳೆಯುತ್ತ ಹೋಗುವ ಕನ್ನಡದಲ್ಲಿ ಒಂದೇ ಧಾತುವಿನಿಂದ ‘ಬಂದಿದ್ದರೂ’, ‘ಬರಲಾರದವಳಿಗೆ’, ‘ಬರುವಂತಿದ್ದರೆ’ ಎಂದು ಅಸಂಖ್ಯ ರೂಪಗಳು ಹುಟ್ಟುತ್ತವೆ. ಪದಗಳ ಪಟ್ಟಿ ಇಲ್ಲಿ ದಡ ಮುಟ್ಟದು. ಅದು ತಂತ್ರದ ತೊಡಕು, ಪರಿಹಾರ ದೊರೆತೀತು. ಅದಕ್ಕಿಂತ ಆಳವಾದ ತೊಡಕು ಬೇರೆ. ನಮ್ಮ ಕ್ರಿಯಾಪದದ ಕೊನೆಯಲ್ಲಿ ಲಿಂಗ, ವಚನಗಳೊಂದಿಗೆ ಗೌರವವೂ ಕುಳಿತಿದೆ. ‘ಅಮ್ಮ ಬಂದಳು’, ‘ಅಮ್ಮ ಬಂದರು’, ‘ಅವ್ವ ಬಂದ್ಲು’: ಸಂಗತಿ ಒಂದೇ, ಮಾತನಾಡಿದ ಮಗಳು ಬೇರೆ, ಮನೆ ಬೇರೆ, ಸೀಮೆ ಬೇರೆ. ಸಂಕೇತ ಮಸುಕಾದಾಗ ಸಂಭವನೀಯತೆಯ ಮೇಲೆ ಯಂತ್ರವು ‘ಬಂದರು’ ಎಂಬುದನ್ನು ಆರಿಸಿದರೆ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ತಾಯಿಮಗಳ ಸಂಬಂಧವನ್ನು ಯಂತ್ರವು ಗೊತ್ತುಮಾಡಿದಂತಾಯಿತು. ಗಣಕಗಳಿಗೆ ದೊರೆತಿರುವ ಕನ್ನಡ ಇಂಗ್ಲಿಷಿಗೆ ಹೋಲಿಸಿದರೆ ತೀರ ಅಲ್ಪ. ಅದರಲ್ಲಿಯೂ ಮನೆಮಾತಿಗಿಂತ ಬರಹದ ಭಾಷೆಯೇ ಹೆಚ್ಚು. ಆದ್ದರಿಂದ ಸಂಭವನೀಯವಾದದ್ದು ಎಂದರೆ ಹಲವೊಮ್ಮೆ ಬರಹದ್ದು ಎಂದೇ ಅರ್ಥ.

ಹೊರನಾಡಿನಲ್ಲಿರುವ ನಮಗೆ ಇದು ಇನ್ನೂ ಹತ್ತಿರದ ವಿಷಯ. ಮುಂಬಯಿಯ ಕನ್ನಡಿಗನು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ, ಬೀದಿಯಲ್ಲಿ ಮರಾಠಿ–ಹಿಂದಿಗಳನ್ನು, ಕಚೇರಿಯಲ್ಲಿ ಇಂಗ್ಲಿಷನ್ನು ಆಡುತ್ತಾನೆ. ಹೈದರಾಬಾದಿನವನ ಮಾತಿನಲ್ಲಿ ತೆಲುಗೂ ದಖನಿಯೂ ಸೇರಿಕೊಳ್ಳುತ್ತವೆ. 2024ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ತಂಡವೇ ದ್ವಿಭಾಷಿಕನೊಬ್ಬನ ಪ್ರಯೋಗವನ್ನು ಪ್ರಕಟಿಸಿತು. ಆತನ ತಾಯ್ನುಡಿ ಸ್ಪ್ಯಾನಿಷ್. ಇಂಗ್ಲಿಷನ್ನು ಕಲಿತದ್ದು ಪಾರ್ಶ್ವವಾಯುವಿನಿಂದ ಮಾತು ಹೋದ ಮೇಲೆ. ಎರಡೂ ಭಾಷೆಗಳ ಉಚ್ಚಾರಣೆಗೆ ಮಿದುಳಿನಲ್ಲಿ ಬಹುಮಟ್ಟಿಗೆ ಸಮಾನವಾದ ಸಂಕೇತಗಳಿದ್ದವು. ಆತನು ಆಡಬಯಸಿದ್ದು ಯಾವ ಭಾಷೆಯಲ್ಲಿ ಎಂಬುದನ್ನು ಎರಡು ಭಾಷಾಮಾದರಿಗಳ ಸಂಭವನೀಯತೆಯನ್ನು ತೂಗಿ ಗುರುತಿಸಲಾಯಿತು. ಬಾಯಿಗೆ ಎರಡು ಭಾಷೆಗಳೂ ಒಂದೇ, ಬೇರ್ಪಡಿಸುವುದು ತಕ್ಕಡಿ. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಇಂಗ್ಲಿಷಿನ ಬರಹರಾಶಿ, ಇನ್ನೊಂದರಲ್ಲಿ ಕನ್ನಡದ ಅಲ್ಪಸಂಗ್ರಹ ಇದ್ದರೆ ಸಂದಿಗ್ಧವಾದ ಪ್ರತಿಯೊಂದು ನುಡಿಯೂ ಯಾವ ಕಡೆಗೆ ವಾಲೀತೆಂಬುದನ್ನು ಊಹಿಸುವುದು ಕಷ್ಟವಲ್ಲ.

‘ಹಯವದನ’ದ ಪಾಠ ಈಗ ಹೊಸ ಅರ್ಥವನ್ನು ಪಡೆಯುತ್ತದೆ. ಯಂತ್ರಸಂಯೋಗವನ್ನು ಬಯಸುವವರು ತಮ್ಮನ್ನು ತಲೆಯೆಂದೂ ಯಂತ್ರವನ್ನು ಕಪಿಲನ ಬಲಿಷ್ಠ ದೇಹವೆಂದೂ ಭಾವಿಸಿದ್ದಾರೆ. ಆದರೆ ಪದವನ್ನು ಆರಿಸುವುದು, ವಾಕ್ಯವನ್ನು ಮುಗಿಸುವುದು ಯಂತ್ರದ ಪಾಲಿಗೆ ಬಂದಾಗ ಅದೇ ಉತ್ತಮಾಂಗದ ಸ್ಥಾನದಲ್ಲಿ ಕುಳಿತಿರುತ್ತದೆ. ನಾವು ಅದರ ಅಭ್ಯಾಸಕ್ಕೆ ತಿದ್ದಲ್ಪಡುವ ದೇಹವಾಗಿರುತ್ತೇವೆ. ಇದಕ್ಕೆ ಶಸ್ತ್ರಚಿಕಿತ್ಸೆಯೂ ಬೇಕಾಗಿಲ್ಲ. ಮುಂದಿನ ಪದವನ್ನು ಸೂಚಿಸುವ ಕೈಫೋನಿನಲ್ಲಿ ಪತ್ರ ಬರೆಯುವವರೂ, ಯಂತ್ರಾನುವಾದವನ್ನು ತಿದ್ದಿ ಲೇಖನ ಸಿದ್ಧಪಡಿಸುವವರೂ ಈ ಸಂಬಂಧದ ಒಳಗೆ ಆಗಲೇ ಇದ್ದಾರೆ.

6

ಕನ್ನಡ ವ್ಯಾಕರಣಪರಂಪರೆಯಲ್ಲಿ ಈ ಚರ್ಚೆಗೆ ಒದಗುವ ಒಂದು ನೆಲೆಯಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಹುಟ್ಟನ್ನು ವಿವರಿಸುವಾಗ ಮೊದಲಿಗೆ ಬೇಕಾದವುಗಳಲ್ಲಿ ಜೀವದ ಇಷ್ಟವನ್ನೂ ಅನುಕೂಲವಾದ ಗಾಳಿಯನ್ನೂ ಹೇಳುತ್ತಾನೆ, ಹೊಕ್ಕುಳ ಬುಡದಲ್ಲಿ ಕಹಳೆಯ ಆಕಾರದಲ್ಲಿ ಅದು ಮೊಳೆಯುತ್ತದೆ ಎನ್ನುತ್ತಾನೆ. ಇಚ್ಛೆ, ಉಸಿರು, ದೇಹದ ಸ್ಥಾನ ಮೂರೂ ಸೇರಿದಾಗಲೇ ಮಾತು. ಇಂದಿನ ಯಂತ್ರವು ಉಸಿರಿಲ್ಲದವರಿಗೆ ಉಸಿರಿನ ಬದಲನ್ನು ಒದಗಿಸಬಲ್ಲುದು, ಉಚ್ಚಾರಣಾಸ್ಥಾನಗಳ ಅಪ್ಪಣೆಯನ್ನು ಓದಬಲ್ಲುದು. ಜೀವದ ಇಷ್ಟವನ್ನು ಮಾತ್ರ ಅದು ಸಂಭವನೀಯತೆಯಿಂದ ಊಹಿಸುತ್ತದೆ. ಊಹೆ ಎಷ್ಟೇ ನಿಖರವಾದರೂ ಅದಕ್ಕೆ ಆಡುವವರ ಸಮ್ಮತಿ ಬೇಕು. ಒಳಮಾತಿನ 2025ರ ಅಧ್ಯಯನದಲ್ಲಿ ಬಳಕೆದಾರರು ಗೊತ್ತಾದ ಸಂಕೇತಪದವನ್ನು ಮನಸ್ಸಿನಲ್ಲಿ ನೆನೆದ ಹೊರತು ಯಂತ್ರವು ಓದದಂತೆ ತಡೆಯುವ ವಿಧಾನವನ್ನು ಪರೀಕ್ಷಿಸಿದ್ದು ಈ ದೃಷ್ಟಿಯಿಂದ ಗಮನಾರ್ಹವಾಗಿದೆ. ಬಾಗಿಲಿನ ಚಿಲಕ ಒಳಗಡೆಗಿರಬೇಕೆಂಬ ತತ್ತ್ವ ಅದು.

ಆದ್ದರಿಂದ ಮನಸ್ಸು ಮತ್ತು ಯಂತ್ರಗಳ ಸಂಬಂಧಕ್ಕೆ ‘ವಿಲೀನ’, ‘ಐಕ್ಯ’ ಎಂಬ ಪದಗಳನ್ನು ಬಿಟ್ಟು ಲಿಕ್ಲೈಡರ್ ಅವರ ‘ಸಹಜೀವನ’ಕ್ಕೆ ಮರಳುವುದು ಮೇಲೆಂದು ನಮಗೆ ತೋರುತ್ತದೆ. ಆ ಪದದಲ್ಲಿ ಎರಡು ಜೀವಗಳಿವೆ, ಇಬ್ಬರ ಹೆಸರೂ ಉಳಿದಿದೆ, ಗುರಿ ಯಾರದು ಎಂದು ಕೇಳಲು ಅವಕಾಶವಿದೆ. ಇದರೊಂದಿಗೆ ಹೊರನಾಡಿನ ಕನ್ನಡ ಸಂಶೋಧಕರ ಮೇಲೆ ಒಂದು ನಿರ್ದಿಷ್ಟ ಹೊಣೆಯೂ ಬೀಳುತ್ತದೆ. ಸೊಲ್ಲಾಪುರ, ಮುಂಬಯಿ, ಹೈದರಾಬಾದು, ಚೆನ್ನೈಗಳ ಕನ್ನಡ ಮನೆಗಳಲ್ಲಿ ಜನರು ಆಡುವ ಮಾತನ್ನು, ಅದರ ಬೆರಕೆಯನ್ನೂ ಗೌರವರೂಪಗಳನ್ನೂ ತಿದ್ದದೆ, ಆಡುವವರ ಒಪ್ಪಿಗೆಯೊಡನೆ ದಾಖಲಿಸುವ ಕೆಲಸ ಇನ್ನು ಕೇವಲ ಉಪಭಾಷಾ ಸಮೀಕ್ಷೆಯಾಗಿ ಉಳಿಯುವುದಿಲ್ಲ. ಮುಂದೊಂದು ದಿನ ಮಾತು ಕಳೆದುಕೊಂಡ ಕನ್ನಡತಿಯೊಬ್ಬಳಿಗೆ ಯಂತ್ರವು ಮಾತನ್ನು ಮರಳಿಸಿದಾಗ, ಆಕೆಯ ಅವ್ವ ‘ಬಂದ್ಲು’ ಎಂದೇ ಬರುವಳೋ ‘ಬಂದರು’ ಎಂದು ಬರುವರೋ ಎಂಬುದು ನಾವು ಈಗ ಏನನ್ನು ಕೂಡಿಡುತ್ತೇವೆ ಎಂಬುದನ್ನೂ ಅವಲಂಬಿಸಿದೆ.